ಕರೆಂಟು ಹೋದಾಗ ಜಾರಿದ ಸ್ಪಿಂಡಲ್

ಗೃಹಪ್ರವೇಶಕ್ಕೆ ಎಂಟು ದಿನ ಉಳಿದಿತ್ತು. ಮನೆ ಪಕ್ಕದ ಶೆಡ್ಡಿನಲ್ಲಿ ನಾವೇ ಕಟ್ಟಿದ ಸಿಎನ್‌ಸಿ ಯಂತ್ರ ತೇಗದ ಬಾಗಿಲಿನ ಮೇಲೆ ಕಮಲ ಕೆತ್ತುತ್ತಿತ್ತು. ಮುಕ್ಕಾಲು ಪಾಲು ಮುಗಿದಿತ್ತು. ಆಗ ಕರೆಂಟು ಹೋಯಿತು.

ಕರೆಂಟು ಹೋಗೋದು ನಮ್ಮೂರಿಗೆ ಹೊಸದಲ್ಲ. ಆದರೆ ಸ್ಪಿಂಡಲ್, ಅಂದರೆ ಬಿಟ್ ತಿರುಗಿಸುವ ಮೋಟಾರು, ತನ್ನಷ್ಟಕ್ಕೆ ತಾನೇ ಕೆಳಕ್ಕೆ ಜಾರಿತು. ಬಿಟ್ ಇನ್ನೂ ತಿರುಗುತ್ತಲೇ ಇತ್ತು. ಕಮಲದ ನಟ್ಟನಡುವೆ ತೂತು ಬಿತ್ತು.

ಅಪ್ಪ ಬಂದು ನೋಡಿದರು. "ಕೈಲಿ ಉಳಿ ಹಿಡಿದಿದ್ರೆ ಕರೆಂಟು ಹೋದ್ರೂ ಕೈ ಅಲ್ಲೇ ನಿಲ್ತಿತ್ತು ಕಣ್ರೋ" ಅಂದರು. ನಲವತ್ತು ವರ್ಷ ಮರಗೆಲಸ ಮಾಡಿದವರು. ನಾವು ಅಣ್ಣ ತಮ್ಮ ಇಬ್ಬರೂ ಮಾತಾಡಲಿಲ್ಲ. ನಮ್ಮಲ್ಲಿ ಒಬ್ಬರು ಐಟಿಐ ಫಿಟ್ಟರ್, ಇನ್ನೊಬ್ಬರು ಪತ್ರಿಕೋದ್ಯಮ ಓದಿದವರು. ಯಂತ್ರಕ್ಕೆ ಹಾಕಿದ ದುಡ್ಡು ಮಾತ್ರ ಅಪ್ಪನದು.

ಮೋಟಾರು ತರುವಾಗಲೇ ನಾವು ಎಡವಿದ್ದೆವು. ಬೋರ್‌ವೆಲ್ ನೋಡಿ ಬೆಳೆದವರಿಗೆ ಎಚ್‌ಪಿ ಜಾಸ್ತಿ ಇದ್ದಷ್ಟೂ ಧೈರ್ಯ. ಅದೇ ಲೆಕ್ಕದಲ್ಲಿ ನೆಮಾ 34 ಸ್ಟೆಪ್ಪರ್ ಮೋಟಾರು ತಂದೆವು. ಆಮೇಲೆ ಗೊತ್ತಾಯಿತು, ಆ ನಂಬರು ಮೋಟಾರಿನ ಮುಖದ ಅಗಲ ಅಷ್ಟೇ, 3.4 ಇಂಚು. ನೆಮಾ 23 ಅಂದರೆ 2.3 ಇಂಚು. ಲೇಬಲ್ ಮೇಲಿನ ಟಾರ್ಕ್ ಕೂಡ ಮೋಟಾರು ನಿಂತಲ್ಲೇ ಹಿಡಿದುಕೊಳ್ಳುವ ಬಲ. ಓಡುವಾಗ ಅಷ್ಟು ಸಿಗಲ್ಲ. ದಪ್ಪ ಮೋಟಾರಿನ ಸುರುಳಿಗೆ ಬೇಗ ಬೇಗ ಕರೆಂಟು ತುಂಬಬೇಕಾದರೆ ವೋಲ್ಟೇಜ್ ಹೆಚ್ಚು ಬೇಕು. ನಮ್ಮ ಹತ್ತಿರ ಇದ್ದದ್ದು 36 ವೋಲ್ಟಿನ ಸಪ್ಲೈ. ಸ್ವಲ್ಪ ವೇಗ ಕೊಟ್ಟರೆ ಸಾಕು, ಕುಂಯ್ ಅಂತ ನಿಂತುಬಿಡುತ್ತಿತ್ತು. ಅದನ್ನು ಅರ್ಧ ಬೆಲೆಗೆ ಮಾರಿ 48 ವೋಲ್ಟಿನ ಸಪ್ಲೈ ಜೊತೆ ನೆಮಾ 23 ತಂದೆವು. ಈ ಸಲ ಎನ್‌ಕೋಡರ್ ಇರುವಂಥದ್ದು. ಸಾದಾ ಸ್ಟೆಪ್ಪರ್ ನಡುವೆ ಹೆಜ್ಜೆ ತಪ್ಪಿದರೆ ಯಂತ್ರಕ್ಕೆ ತಿಳಿಯೋದೇ ಇಲ್ಲ, ಹೂವಿನ ಎಸಳು ಪಕ್ಕಕ್ಕೆ ಸರಿದು ಕೆತ್ತಿಬಿಡುತ್ತದೆ.

ಮೋಟಾರಿನ ತಪ್ಪಿಗೆ ದುಡ್ಡು ಹೋಯಿತು. ಬಾಗಿಲು ಕೆಡಿಸಿದ್ದು ಬಾಲ್ ಸ್ಕ್ರೂ.

ನಮ್ಮ ಮೊದಲ ಯಂತ್ರಕ್ಕೆ ಹಾರ್ಡ್‌ವೇರ್ ಅಂಗಡಿಯ ಥ್ರೆಡ್ ರಾಡ್ ಹಾಕಿದ್ದೆವು. ನಟ್ಟಿನಲ್ಲಿ ಸಡಿಲ ಇತ್ತು, ವೃತ್ತ ಕೆತ್ತಿದರೆ ಎರಡು ತುದಿ ಕೂಡುತ್ತಿರಲಿಲ್ಲ. ಆದರೆ ಕರೆಂಟು ಹೋದರೆ ಸ್ಪಿಂಡಲ್ ಇದ್ದಲ್ಲೇ ಇರುತ್ತಿತ್ತು. ಕಾರಿನ ಜಾಕ್ ನೋಡಿ, ಕೈ ಬಿಟ್ಟರೂ ಕಾರು ಇಳಿಯಲ್ಲ. ಸ್ಕ್ರೂ ಉಜ್ಜಾಟವೇ ಹಿಡಿದಿರುತ್ತದೆ. ಬಾಲ್ ಸ್ಕ್ರೂ ನಟ್ಟಿನೊಳಗೆ ಗುಂಡುಗಳು ಉರುಳುತ್ತವೆ, ಉಜ್ಜಾಟ ಬಹಳ ಕಡಿಮೆ. ಅದಕ್ಕೇ ಕೆತ್ತನೆ ಅಷ್ಟು ನುಣುಪು. ಅದಕ್ಕೇ ಮೇಲಿನಿಂದ ತೂಕ ಬಿದ್ದರೆ ಸ್ಕ್ರೂ ತಾನೇ ತಿರುಗಿಬಿಡುತ್ತದೆ. ತಡೆಯಬೇಕಾದ ಮೋಟಾರಿಗೆ ಗಟ್ಟಿ ಹಿಡಿತ ಇರೋದು ಕರೆಂಟು ಇರುವ ತನಕ.

ವೇಗದ ಆಸೆಗೆ ಮೂರೂ ಕಡೆ 1610 ಸ್ಕ್ರೂ ಹಾಕಿದ್ದೆವು. 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 10 ಮಿ.ಮೀ. ನಡಿಗೆ. 1605 ಆದರೆ ಒಂದು ಸುತ್ತಿಗೆ 5 ಮಿ.ಮೀ. ಅದೇ ತೂಕ 1605ರ ಸ್ಕ್ರೂವನ್ನು ತಿರುಗಿಸಲು ಅರ್ಧ ಬಲದಲ್ಲಿ ಮಾತ್ರ ನೂಕುತ್ತದೆ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ, ಹಾಗಾಗಿ ಒಂದು ಹೆಜ್ಜೆಗೆ 0.025 ಮಿ.ಮೀ. ಮರಕ್ಕೆ ಅದು ಬೇಕಾದಷ್ಟಾಯಿತು. ಏರಿಳಿಯುವ ಕಡೆ ವೇಗ ತಗೊಂಡು ಏನು ಮಾಡಬೇಕಿತ್ತು ನಾವು?

ಏಳಡಿ ಉದ್ದದ ಕಡೆ ಇನ್ನೊಂದು ತೊಂದರೆ. ಅಷ್ಟು ಉದ್ದದ 16 ಮಿ.ಮೀ. ಸ್ಕ್ರೂ ಜೋರಾಗಿ ತಿರುಗಿದರೆ ನಡುವೆ ಸ್ಕಿಪ್ಪಿಂಗ್ ಹಗ್ಗದ ಹಾಗೆ ಬಡಿದಾಡುತ್ತದೆ. ಉದ್ದ ಎರಡು ಪಟ್ಟಾದರೆ ತಾಳುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಅಲ್ಲಿ ಸ್ಕ್ರೂ ತೆಗೆದು ರ‍್ಯಾಕ್ ಮತ್ತು ಪಿನಿಯನ್ ಹಾಕಿದೆವು.

ಸ್ಪಿಂಡಲ್ ಕಡೆಗೆ 1605 ತಂದೆವು. ಆದರೂ ಭಯ ಹೋಗಲಿಲ್ಲ. ಸ್ಪಿಂಡಲ್, ಪ್ಲೇಟ್ ಎಲ್ಲ ಸೇರಿ 8 ಕೆ.ಜಿ. ತೂಕ. ಅದಕ್ಕೆ ದಾರಿ ತೋರಿಸಿದ್ದು ಅಪ್ಪ. ಅಡುಗೆಮನೆಯ ಮೇಲಿನ ಕಪಾಟಿನ ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಸ್ಪ್ರಿಂಗ್ ಒಂದನ್ನು ತಮ್ಮ ಪೆಟ್ಟಿಗೆಯಿಂದ ತೆಗೆದು, "ಇದು ಬಾಗಿಲು ಎತ್ತದಾದ್ರೆ ನಿಮ್ಮ ಮೋಟ್ರು ಎತ್ತಲ್ವಾ?" ಅಂದರು. ಅದರ ಮೇಲೆ 80 ನ್ಯೂಟನ್ ಅಂತ ಬರೆದಿತ್ತು, ಅಂದರೆ ಸುಮಾರು 8 ಕೆ.ಜಿ. ನಮ್ಮ ಸ್ಪಿಂಡಲ್ ಏರಿಳಿಯೋದು 3 ಇಂಚು ಅಷ್ಟೇ, ಸರಿಯಾಗಿ ಕೂತಿತು. ಮೇನ್ ಸ್ವಿಚ್ ಹತ್ತು ಸಲ ಆಫ್ ಮಾಡಿ ನೋಡಿದೆವು. ಅಲ್ಲಾಡಲಿಲ್ಲ.

ಬಾಗಿಲಿನ ಮನೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅಪ್ಪ ತೂತಿನ ಸುತ್ತ ದುಂಡಗೆ ಕೊರೆದು, ಅದೇ ತೇಗದ ತುಂಡಿನಲ್ಲಿ ಕಮಲದ ನಡುಭಾಗವನ್ನು ಕೈಯಲ್ಲೇ ಕೆತ್ತಿ ಕೂರಿಸಿದರು. ಎರಡು ರಾತ್ರಿ ಹಿಡಿಯಿತು. ಬಾಗಿಲು ಸಮಯಕ್ಕೆ ಹೋಯಿತು, ಮಜೂರಿಯಲ್ಲಿ ಎರಡು ಸಾವಿರ ನಾವೇ ಬಿಟ್ಟೆವು.

ಈಗಲೂ ರಾತ್ರಿ ಶೆಡ್ಡಿಗೆ ಬೀಗ ಹಾಕುವ ಮೊದಲು ಅಪ್ಪ ಸ್ಪಿಂಡಲ್ ಕೆಳಗೆ ಒಂದು ಮರದ ತುಂಡು ಇಟ್ಟೇ ಬರುತ್ತಾರೆ.