ಕ-ನ್ನ-ಡ ಅಲ್ಲ, ಕನ್-ನ-ಡ

ಈ ಕಡೆ ತಲೆ ಹಾಕಿ ಎರಡು ವರ್ಷದ ಮೇಲಾಯ್ತು. "ಏನ್ರೀ, ಬ್ಲಾಗ್ ಸನ್ಯಾಸವೇ?" ಅಂತ ಕೆಲವರು ಮೇಲ್ ಮಾಡಿ ಕೇಳಿದ್ರಿ. ಉತ್ತರ ಬರೆಯಲಿಲ್ಲ, ಕ್ಷಮಿಸಿ. ಸನ್ಯಾಸ ಏನೂ ಅಲ್ಲ. ಮನೆಯಲ್ಲಿ ಒಂದನೇ ಕ್ಲಾಸು ಶುರುವಾಗಿತ್ತು. ಮೇಷ್ಟ್ರು ನಾನು, ವಿದ್ಯಾರ್ಥಿ ನಮ್ಮ ಅಣ್ಣ. (ಅಣ್ಣ ಅಂದ್ರೆ ನಮ್ಮಪ್ಪ. ಹಳೇ ಮೈಸೂರಿನ ಎಷ್ಟೋ ಮನೆಗಳ ಹಾಗೆ ನಮ್ಮನೇಲೂ ಅಪ್ಪನ್ನ ಅಣ್ಣ ಅಂತಲೇ ಕರೆಯೋದು. ಚಿಕ್ಕಪ್ಪಂದಿರು ಕರೀತಿದ್ದಿದ್ದು ಕೇಳಿ ನಾವೂ ಕಲಿತಿದ್ದು.)

ಅಣ್ಣ 34 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಮನೆ ಚಾಮರಾಜಪೇಟೆ. ರಿಟೈರ್ ಆದ ಮೇಲೆ ಸಂಜೆ ಪಂಪಮಹಾಕವಿ ರಸ್ತೆಯ ಸಾಹಿತ್ಯ ಪರಿಷತ್ತು, ಅಲ್ಲಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ಗಾಂಧಿ ಬಜಾರು, ಒಂದು ಕಾಫಿ, ಅಮ್ಮನಿಗೆ ಒಂದು ಮೊಳ ಮಲ್ಲಿಗೆ, ವಾಪಸ್ಸು. ಮಳೆ ಬಂದ್ರೂ ಈ ಕಾರ್ಯಕ್ರಮ ತಪ್ಪುತ್ತಿರಲಿಲ್ಲ.

2023ರ ದೀಪಾವಳಿ ಮುಗಿದ ವಾರ, ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿ ಬಿತ್ತು. ಅಮ್ಮ "ಏನಾಯ್ತು" ಅಂದ್ರೆ ಉತ್ತರ ಇಲ್ಲ. ಸ್ಟ್ರೋಕು. ಮಿದುಳಿನ ಎಡಭಾಗ. ಅಲ್ಲಿ ಪೆಟ್ಟಾದರೆ ಬಲಗೈ ಬಲಗಾಲಿನ ಜೊತೆ ಮಾತೂ ಹೋಗೋದು ಸಾಮಾನ್ಯ ಅಂತ ಡಾಕ್ಟರು ಹೇಳಿದರು. ಅದಕ್ಕೆ ಅಫೇಸಿಯಾ ಅಂತ ಹೆಸರು. ಬುದ್ಧಿ ಹೋಗಿರೋದಿಲ್ಲ, ನಾವು ಆಡೋದೆಲ್ಲ ಹೆಚ್ಚುಕಮ್ಮಿ ಅರ್ಥ ಆಗುತ್ತೆ, ಆದ್ರೆ ಬೇಕಾದ ಪದ ಬೇಕಾದಾಗ ಬಾಯಿಗೆ ಬರಲ್ಲ.

ಮೊದಲ ವಾರ ಬಂದ ಪದ ಒಂದೇ: "ಇವಳೇ". ಐವತ್ತು ವರ್ಷದಿಂದ ಅಮ್ಮನ್ನ ಅಣ್ಣ ಹೆಸರು ಹಿಡಿದು ಕರೆದವರಲ್ಲ. ಹೆಸರಿಟ್ಟು ಕರೆಯೋ ಅಭ್ಯಾಸ ಇದ್ದಿದ್ರೆ ಆ ವಾರ ಏನು ಬರ್ತಿತ್ತೋ ಗೊತ್ತಿಲ್ಲ :)

ಇನ್ನೊಂದು ವಿಚಿತ್ರ. ಲೋಟ ತೋರಿಸಿ "ಇದೇನಣ್ಣ?" ಅಂದ್ರೆ ಬೆವರುತ್ತಿದ್ದರು. ಆದ್ರೆ ಒಂದು ಎರಡು ಮೂರು ಅಂತ ಶುರು ಮಾಡಿಕೊಟ್ಟರೆ ಹತ್ತರವರೆಗೆ ತಾವೇ ಹೇಳೋರು. ಭಾನುವಾರ ಅಂದ್ರೆ ಶನಿವಾರದ ತನಕ. ಬಾಯಿಪಾಠವಾದದ್ದು ಹೀಗೆ ಸರಾಗವಾಗಿ ಬರೋದು ಈ ಕಾಯಿಲೆಯಲ್ಲಿ ಹೊಸದೇನಲ್ಲವಂತೆ. ಒಂದಿನ ನಾನು ತಮಾಷೆಗೆ "ಉ..." ಅಂದೆ. ಅಣ್ಣ ಕಣ್ಣು ಮುಚ್ಚಿ ಒಂದೇ ಉಸಿರಿಗೆ "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ" ಅಂದುಬಿಟ್ಟರು. ಏಳೂ ವಿಭಕ್ತಿ ಪ್ರತ್ಯಯಗಳು! ಅಮ್ಮ ಅಡಿಗೆಮನೆಯಿಂದ ಓಡಿಬಂದರು. ಆದ್ರೆ ಅದರಲ್ಲಿ ಒಂದನ್ನೂ ತೆಗೆದು ಒಂದು ಪದದ ಬಾಲಕ್ಕೆ ಅಂಟಿಸೋಕೆ ಅವರಿಂದ ಆಗುತ್ತಿರಲಿಲ್ಲ.

ವಾರಕ್ಕೆರಡು ದಿನ ಸ್ಪೀಚ್ ಥೆರಪಿ. ಅಲ್ಲಿನ ಮೇಡಂ ಒಳ್ಳೆಯವರು, ಪದ ಒಡೆದು ಒಡೆದು, ತಾಳ ಹಾಕಿ, ನಿಧಾನಕ್ಕೆ ಹೇಳಿಸೋರು. ಮಿಕ್ಕ ದಿನ ಮನೆಯಲ್ಲಿ ನೀವು ಹೇಳಿಸಿ ಅಂದಿದ್ರು. ನಾನು ಕಂಪ್ಯೂಟರ್ ಮುಂದೆ ಕೂತು ದಪ್ಪಕ್ಷರದಲ್ಲಿ ಹಾಳೆ ಮಾಡಿದೆ. ಅ-ಮ್ಮ. ಅ-ಕ್ಕ. ಹ-ಬ್ಬ. ಕ-ನ್ನ-ಡ. ನೀಟಾಗಿ ಅಕ್ಷರಕ್ಕೊಂದು ಗೆರೆ. ಪ್ರಿಂಟ್ ತೆಗೆದು ಗೋಡೆಗೂ ಅಂಟಿಸಿದೆ.

ಕೆಲಸ ಮಾಡಲಿಲ್ಲ. "ಅ" ಅನ್ನೋರು, ಮುಂದಿನ "ಮ್ಮ" ಹತ್ತಿರ ನಿಂತುಬಿಡೋರು. ಗಂಟಲು ಉಬ್ಬುತ್ತೆ, ತುಟಿ ಅದುರುತ್ತೆ, ಶಬ್ದ ಇಲ್ಲ. ನಾನು ಬೇರೆ ದೊಡ್ಡ ಮೇಷ್ಟರ ಹಾಗೆ "ಮ್ಮ, ಅಣ್ಣ, ಮ್ಮ" ಅಂತ ಕೂಗೋದು. ಹನ್ನೆರಡನೇ ದಿನವೋ ಏನೋ, ಹಾಳೆ ಕಿತ್ತು ಎಡಗೈಯಲ್ಲೇ ಮುದುರಿ ಬಿಸಾಕಿದರು. ಆಮೇಲೆ ಅತ್ತರು. ಅಣ್ಣ ಅತ್ತಿದ್ದು ನಾನು ಅದುವರೆಗೆ ನೋಡಿರಲಿಲ್ಲ. ಇನ್ನು ಇಷ್ಟೇ ಅಂತ ಅವತ್ತು ನಾನೂ ಅಂದುಕೊಂಡೆ. ಅಮ್ಮನ ಎದುರು ಹೇಳಲಿಲ್ಲ ಅಷ್ಟೆ.

ನೀವೇ ಒಂದ್ಸಲ ಪ್ರಯತ್ನಪಡಿ. ಹಿಂದೆ ಏನೂ ಇಲ್ಲದೆ ಬರೀ "ಮ್ಮ" ಅನ್ನಿ ನೋಡೋಣ. ಬರಲ್ಲ. "ಮ" ಅಂತ ಬರುತ್ತೆ, ಇಲ್ಲವೇ "ಇಮ್ಮ" ಅಂತ ಬರುತ್ತೆ. ನಾನು ನನ್ನ ಅಪ್ಪನ ಕೈಲಿ, ಮಾತೇ ಹೋಗಿರೋ ಮನುಷ್ಯನ ಕೈಲಿ, ಯಾವ ಕನ್ನಡಿಗನಿಗೂ ಉಚ್ಚರಿಸಲಾಗದ ಶಬ್ದವನ್ನ ಹನ್ನೆರಡು ದಿನ ಹೇಳಿಸೋಕೆ ಹೊರಟಿದ್ದೆ.

ಇದು ಹೊಳೆದಿದ್ದೂ ನನ್ನ ಬುದ್ಧಿಯಿಂದ ಅಲ್ಲ. ಅಕ್ಕನ ಮಗಳು ಇಟಲಿಯ ಟೊರಿನೋದಲ್ಲಿ ಓದ್ತಿದಾಳೆ. ಭಾನುವಾರ ವಿಡಿಯೋ ಕಾಲ್ ಮಾಡಿ ತಾತನ್ನ ನಗಿಸೋದು ಅವಳ ಡ್ಯೂಟಿ. ಆವತ್ತು ಅವಳ ಭಾಷಾ ಕ್ಲಾಸಿನ ನೋಟ್ಸ್ ತೋರಿಸ್ತಿದ್ಲು. "ತಾತ, ಇಲ್ಲಿ ಬೆಕ್ಕಿಗೆ ಗತ್ತೊ ಅಂತಾರೆ. ಸಾಲಿನ ಕೊನೇಲಿ ಪದ ಮುರೀಬೇಕಾದ್ರೆ ಗತ್-ತೊ ಅಂತಲೇ ಮುರೀಬೇಕು. ಜೋಡಿ ವ್ಯಂಜನ ಬಂದ್ರೆ ಮಧ್ಯಕ್ಕೆ ಕತ್ತರಿ. ಪಿಜ್ಜಾದಲ್ಲಿರೋ ಎರಡು ಝಡ್‌ನಲ್ಲಿ ಒಂದು ಈ ಸಾಲಿಗೆ, ಇನ್ನೊಂದು ಆ ಸಾಲಿಗೆ. ಆದ್ರೆ ಪಾಸ್ತಾ ಮಾತ್ರ ಪಾ-ಸ್ತಾ, ಅಲ್ಲಿ ಎಸ್ ಮುಂದಕ್ಕೆ ಹೋಗುತ್ತೆ."

ಗತ್-ತೊ. ನಾನು ಫೋನ್ ಹಿಡಿದುಕೊಂಡೇ ನಿಂತುಬಿಟ್ಟೆ.

ನಮ್ಮ ಲಿಪಿಯ ಕತೆ ಏನಾಗಿದೆ ನೋಡಿ. ಒತ್ತಕ್ಷರ ಮೇಲಿನ ಅಕ್ಷರದ ಕಾಲಿಗೆ ನೇತುಹಾಕಿಕೊಂಡಿರೋದರಿಂದ ಕಣ್ಣಿಗೆ ಅದು ಒಂದೇ ಇಡಿಯಾಗಿ ಕಾಣುತ್ತೆ. ಪೇಪರಿನವರು ಸಾಲಿನ ಕೊನೆಗೆ "ಕ" ಬಿಟ್ಟು ಮುಂದಿನ ಸಾಲಿಗೆ "ನ್ನಡ" ತಗೊಂಡು ಹೋಗ್ತಾರೆ, ಬೇರೆ ದಾರಿಯೇ ಇಲ್ಲ. ಬಾಯಿ ಮಾತ್ರ ಹಾಗೆ ಒಡೆಯಲ್ಲ. ಅದು ಮೊದಲ ನ್ ಅನ್ನು ಹಿಂದಿನ ಕ-ಕ್ಕೆ ಕೊಟ್ಟು "ಕನ್" ಅಂತ ಮುಚ್ಚಿ, ಆಮೇಲೆ "ನ" ಅಂತ ತೆರೆಯುತ್ತೆ. ಅಮ್-ಮ. ಅಕ್-ಕ. ಪುಸ್-ತ-ಕ. ತಮಾಷೆ ಅಂದ್ರೆ ನಮ್ಮ ಬೆರಳಿಗೆ ಇದು ಮೊದಲಿಂದ ಗೊತ್ತು. ನುಡಿಯಲ್ಲಿ ಟೈಪ್ ಮಾಡೋರು ನ ಒತ್ತಿ, ಎಫ್ ಒತ್ತಿ, ಮತ್ತೆ ನ ಒತ್ತುತ್ತೀವಲ್ಲ. ಯುನಿಕೋಡ್ ಒಳಗಡೆಯೂ "ಕನ್ನಡ" ಮೂರಲ್ಲ, ಐದು ಸಂಕೇತ: ಕ, ನ, ಹಲಂತ, ನ, ಡ. "ಸ್ತ್ರೀ" ಅನ್ನೋ ಒಂದೇ ಅಕ್ಷರದಲ್ಲಿ ಆರು. ಇಷ್ಟು ವರ್ಷ ಬ್ಲಾಗ್ ಕುಟ್ಟಿದವನಿಗೆ ಇದು ತಲೆಗೆ ಹೋಗಿರಲಿಲ್ಲ.

ರಾತ್ರಿ ಹೊಸ ಹಾಳೆ ಬರೆದೆ, ಕೈಯಲ್ಲೇ. ಕನ್ / ನ / ಡ. ಬೆಳಿಗ್ಗೆ ಅಣ್ಣನ ಮುಂದೆ ಇಟ್ಟೆ. ತುಂಬಾ ಹೊತ್ತು ನೋಡಿದರು. ಆಮೇಲೆ ಎಡಗೈ ಚಾಚಿ ಪೆನ್ಸಿಲ್ ಕೇಳಿದರು. ಸೊಟ್ಟಸೊಟ್ಟಗೆ, "ಕನ್" ತಲೆಯ ಮೇಲೆ ಒಂದು ಅಡ್ಡಗೆರೆ. "ನ" ಮೇಲೆ ಒಂದು ಬಟ್ಟಲು. "ಡ" ಮೇಲೆ ಇನ್ನೊಂದು ಬಟ್ಟಲು.

ಗುರು, ಲಘು, ಲಘು. ಪ್ರಸ್ತಾರ!

ಹೈಸ್ಕೂಲಲ್ಲಿ ನಾವೆಲ್ಲ ಉರು ಹೊಡೆದಿದ್ದೀವಿ. ಹ್ರಸ್ವ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ ಗುರು, ಅದಕ್ಕೆ ಎರಡು. ಹ್ರಸ್ವವೇ ಆದ್ರೂ ಮುಂದೆ ಒತ್ತಕ್ಷರ ಇದ್ರೆ ಅದು ಗುರು. ಯಾಕೆ ಗುರು ಅಂತ ಯಾರೂ ಕೇಳಲಿಲ್ಲ, ಎರಡು ಮಾರ್ಕ್ಸ್ ಬಂದ್ರೆ ಸಾಕಿತ್ತು. ಮುಂದಿನ ಒತ್ತಿನ ಅರ್ಧ ಬಂದು ಇದರ ಮೇಲೆ ಒರಗಿಕೊಳ್ಳುತ್ತೆ, ಅದಕ್ಕೇ ಇದಕ್ಕೆ ಭಾರ. ನಮ್ಮ ಛಂದಸ್ಸಿನವರು ಕಿವಿಯಿಂದ ಅಳೆದಿದ್ದರು, ನಾನು ಕಣ್ಣಿಂದ ಅಳೆದಿದ್ದೆ. ಅಣ್ಣ ಪೆನ್ಸಿಲ್ ಇಟ್ಟು ನನ್ನ ಮುಖ ನೋಡಿದ ನೋಟ ಇದೆಯಲ್ಲ, ಒಂಬತ್ತನೇ ಕ್ಲಾಸಿನಲ್ಲಿ ಅವರ ಎದುರೇ ಕೂತಿದ್ದಾಗ ಎಷ್ಟು ಸಲ ನೋಡಿದ್ದೀನೋ. "ದಡ್ಡ" ಅಂತ ಅರ್ಥ. ಅದನ್ನ ಹೇಳೋಕೆ ಮಾತೇನೂ ಬೇಕಾಗಲಿಲ್ಲ.

ಆವತ್ತು "ಕನ್... ನಡ" ಬಂತು. ಎರಡು ದಿನಕ್ಕೆ "ಅಮ್ಮ". ವಾರದಲ್ಲಿ ಮನೆ ವಿಳಾಸ. ನಮ್ಮ ಬಾಲ್ಯದಲ್ಲಿ "ಚಾಮ್ರಾಜ್‌ಪೇಟೆ" ಅಂದ್ರೆ "ಅಕ್ಷರ ನುಂಗಬೇಡ್ರೋ, ಚಾ-ಮ-ರಾ-ಜ-ಪೇ-ಟೆ" ಅಂತ ಗದರೋರು. ಈಗ ಅವರೇ "ಚಾಮ್-ರಾಜ್-ಪೇಟೆ" ಅಂದಾಗ ನಾವು ಚಪ್ಪಾಳೆ ತಟ್ಟಿದೆವು. ಅವರಿಗೆ ಪಿತ್ತ ನೆತ್ತಿಗೇರಿತು.

ಪದಗಳೇನೋ ಬಂದವು. ಬಾಲಗಳು ಬರಲಿಲ್ಲ. "ನಾನು... ಪರಿಷತ್ತು... ಹೋಗು." "ಇವಳೇ... ಕಾಫಿ... ಕೊಡು." ಕಾಫಿ ವಿಷಯದಲ್ಲಿ ತೊಂದರೆ ಇಲ್ಲ, ನಾವೆಲ್ಲ "ಕಾಫಿಯನ್ನು ಕೊಡು" ಅಂತೀವೇನು? ಮಾತಿನಲ್ಲಿ ಎಷ್ಟೋ ಕಡೆ ದ್ವಿತೀಯಾ ವಿಭಕ್ತಿ ಇಲ್ಲದೆ ಸಂಸಾರ ನಡೆಯುತ್ತೆ. ಇಂದ ಮತ್ತು ಗೆ ಮಾತ್ರ ಇಲ್ಲದಿದ್ರೆ ಮುಗೀತು. ಒಂದಿನ ಅಣ್ಣ ಬೆಳಿಗ್ಗೆಯಿಂದ "ಕೆಳಗಿನ ಮನೆ... ದುಡ್ಡು" ಅಂತ ಒಂದೇ ಸಮ. ಬಾಡಿಗೆ ಬಂದಿಲ್ಲವೇನೋ ಅಂತ ನಾನು ಇಳಿದುಹೋಗಿ ಕೇಳಿಬಿಟ್ಟೆ. ಆ ಪುಣ್ಯಾತ್ಮರು ಮುಖ ಸಣ್ಣ ಮಾಡಿಕೊಂಡು ಬಾಡಿಗೆ ಕಟ್ಟಿದ್ದು ತೋರಿಸಿದರು. ನಾನು ಮೇಲೆ ಬಂದು ಹೇಳಿದ್ರೆ ಅಣ್ಣ ಹಣೆ ಚಚ್ಚಿಕೊಂಡರು. ಆಮೇಲೆ ಗೊತ್ತಾಯ್ತು, ಅವರು ಮುಂದಿನ ತಿಂಗಳು ಮನೆ ಖಾಲಿ ಮಾಡ್ತಿದ್ರು, ಅಡ್ವಾನ್ಸ್ ವಾಪಸ್ ಕೊಡಬೇಕಿತ್ತು. ಕೆಳಗಿನ ಮನೆಯವರಿಂದ ಅಲ್ಲ, ಕೆಳಗಿನ ಮನೆಯವರಿಗೆ. ಒಂದು ಪ್ರತ್ಯಯಕ್ಕೆ ನನ್ನ ಮರ್ಯಾದೆ ಹೋಯ್ತು. (ಇಟಾಲಿಯನ್‌ನಲ್ಲಿ ಇಂದ, ಗೆ ಅನ್ನೋಕೆ ಬಿಡಿ ಪದಗಳಿವೆಯಂತೆ, ನಾಮಪದದ ಮುಂದೆ ಬರ್ತವಂತೆ. ನಮ್ಮದು ಎಲ್ಲವೂ ಬಾಲಕ್ಕೇ ಕಟ್ಟೋ ಭಾಷೆ.)

ಆಗ ಮೇಡಂ ಒಂದು ಉಪಾಯ ಹೇಳಿದರು. ನೀವು ಅರ್ಧ ಹೇಳಿ, ಮಿಕ್ಕಿದ್ದು ಅವರು ಮುಗಿಸಲಿ. ವಿಭಕ್ತಿಯಿಂದ ಶುರು ಮಾಡಬೇಕಿತ್ತು, ಆದ್ರೆ ನನಗೆ ಅಣ್ಣನ ಹಳೇ ಪಾಠ ನೆನಪಾಗಿ ತದ್ಧಿತದಿಂದ ಶುರು ಮಾಡಿದೆ. ಪದಕ್ಕೆ ಬಾಲ ಸೇರಿಸಿ ಹೊಸ ಪದ ಮಾಡೋ ವಿದ್ಯೆ. 13ನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇದಕ್ಕೆ ಒಂದು ಪ್ರಕರಣವನ್ನೇ ಎತ್ತಿಟ್ಟಿದ್ದಾನೆ. ನಾನು "ಬಳೆ" ಅಂದ್ರೆ ಅಣ್ಣ "ಗಾರ". "ಜಾಣ" ಅಂದ್ರೆ "ತನ". ಇನ್ನೊಂದು ಅಂದ್ರೆ ಸ್ವಲ್ಪ ತಡೆದು "ಜಾಣ್... ಮೆ". "ಹಾವು" ಅಂದ್ರೆ "ಆಡಿಗ". "ಗುಣ" ಅಂದ್ರೆ "ವಂತ". ಮದುವಣಿಗ ಅಂದ್ರೆ ಮದುವಣಗಿತ್ತಿ. ಈ ಗಿತ್ತಿ ಪಾಪ ಈಗ ಮದುವೆ ಕಾರ್ಡಿನಲ್ಲಿ ಮತ್ತು ಸೂಲಗಿತ್ತಿಯಲ್ಲಿ ಮಾತ್ರ ಉಸಿರಾಡ್ತಿದೆ. ಹೂವಾಡಗಿತ್ತಿ ಪುಸ್ತಕದಲ್ಲಿದ್ದಾಳೆ, ಗಾಂಧಿ ಬಜಾರಿನಲ್ಲಿರೋದು ಹೂವಿನಮ್ಮ. ಹೊಸದಾಗಿ ಹುಟ್ಟೋ ಪದಕ್ಕೆ ಯಾರೂ ಗಿತ್ತಿ ಹಚ್ಚಲ್ಲ, ಆಟಗಾರ್ತಿ ಅಂತೀವೇ ಹೊರತು ಆಟಗಿತ್ತಿ ಅನ್ನಲ್ಲ. ಇಟಲಿಯಲ್ಲಿ ಹೂ ಮಾರೋಳು ಫಿಯೋರಾಯಾ, ಮಾರೋನು ಫಿಯೋರಾಯೋ. ಫಿಯೋರೆ ಅಂದ್ರೆ ಹೂವು, ಉಳಿದಿದ್ದು ಬಾಲ. ಮೊಮ್ಮಗಳು ಇದನ್ನ ಹೇಳಿದಾಗ ಅಣ್ಣ ಕೈಯೆತ್ತಿ ಎರಡು ಬೆರಳು ಜೋಡಿಸಿ ತೋರಿಸಿದರು: ನಮ್ಮದರ ಹಾಗೇ.

ಒಂದು ಸಂಜೆ ಸುಮ್ಮನೆ "ಬ್ಲಾಗು" ಅಂದೆ. ಅಣ್ಣನಿಗೆ ಈ ಪದದ ಮೇಲೆ ಮೊದಲಿಂದ ಕೋಪ. ನಾವೆಲ್ಲ ಬ್ಲಾಗಿಗ, ಕಾಮೆಂಟಿಸು, ಗೂಗಲಿಸು ಅಂತ ಬರೀತಿದ್ದ ಕಾಲದಲ್ಲಿ "ಇಗ, ಇಸು ಸಿಕ್ಕಿದ ಕಡೆ ಅಂಟಿಸೋಕೆ ಅದೇನು ಮೈದಾ ಗೋಂದೇನೋ?" ಅಂತ ಬೈದಿದ್ದರು. ಈಗ ನನ್ನನ್ನೇ ದಿಟ್ಟಿಸಿ, ತುಟಿ ಒದ್ದೆ ಮಾಡಿಕೊಂಡು, "ಇಗ" ಅಂದರು. ಆಮೇಲೆ ನಾನು ಕೇಳದೆಯೇ, ಪೂರ್ತಿ, ಜೋಡಿಸಿ: "ಬ್ಲಾಗಿಗ".

ಬಾಯಿಪಾಠದಲ್ಲಿ ಇಲ್ಲದ ಪದ. ಅವರೇ ಕಟ್ಟಿದ್ದು.

ಅಲ್ಲಿಂದ ಮುಂದಕ್ಕೆ ಎಲ್ಲ ಸಲೀಸಾಯ್ತು ಅಂತೇನಿಲ್ಲ. ಕೆಲವು ದಿನ ಚೆನ್ನಾಗಿರುತ್ತೆ, ಕೆಲವು ದಿನ "ಇವಳೇ" ಒಂದೇ. ಬಲಗೈ ಇನ್ನೂ ಹಾಗೇ ಇದೆ. ಆದ್ರೆ ಕೋಲು ಹಿಡಿದು ನಡೀತಾರೆ. ಕಳೆದ ಶ್ರಾವಣದಲ್ಲಿ ಆಟೋದಲ್ಲಿ ಗಾಂಧಿ ಬಜಾರಿಗೆ ಕರ್ಕೊಂಡು ಹೋಗಿದ್ದೆ. ಹೂವಿನ ಅಂಗಡಿ ಮುಂದೆ ನಿಂತರು. ನಾನು ಬಾಯಿ ತೆರೆಯೋಕೆ ಹೋದೆ, ಕೋಲಿನಿಂದ ನನ್ನ ಕಾಲಿಗೆ ಮೆಲ್ಲಗೆ ತಟ್ಟಿದರು. ಸುಮ್ಮನಾದೆ. ಹೂವಿನಮ್ಮ ಕಟ್ಟುತ್ತಾ ಕೂತಿದ್ದಾಕೆ ತಲೆ ಎತ್ತಿದಳು.

"ಮೊಳಕ್... ಮೊಳಕ್ಕೆ ಎಷ್ಟಮ್ಮ?"

ಚತುರ್ಥಿ! ಆಕೆಗೇನು ಗೊತ್ತು. "ಐವತ್ತು ಸಾರ್, ಹಬ್ಬ ಅಲ್ವಾ" ಅಂದಳು. ಅಣ್ಣ "ಜಾಸ್ತಿ" ಅಂದರು. ಆಕೆ ನಗುತ್ತಾ ಬೆರಳಿಂದ ಮೊಣಕೈವರೆಗೆ ಅಳೆದು, ಮೇಲೊಂದಿಷ್ಟು ಸೇರಿಸಿ ಕತ್ತರಿಸಿ ಎಲೆಗೆ ಸುತ್ತಿದಳು.

ಈಗ ನಿಮ್ಮಿಂದ ಒಂದು ಉಪಕಾರ ಬೇಕು. ನನ್ನ ಪಟ್ಟಿ ಖಾಲಿಯಾಗ್ತಿದೆ, ಅಣ್ಣನಿಗೆ ಹೇಳಿದ್ದೇ ಹೇಳಿ ಬೇಜಾರು. ಗಾರ, ಇಗ, ತನ, ಮೆ ಬರೋ ಪದಗಳು, ಅದರಲ್ಲೂ ನಿಮ್ಮ ಊರಿನ ಕಡೆ ಮಾತ್ರ ಆಡೋವು ಇದ್ರೆ ಕಾಮೆಂಟಿಸಿ. ಬೆಳಿಗ್ಗೆ ಕಾಫಿ ಆದ ಮೇಲೆ ಓದಿ ಹೇಳ್ತೀನಿ. ಮೋಸಗಾರ, ಸಾಲಗಾರ ಆಗಲೇ ಆಗಿದೆ.