ಗಂಟಲು ಕಟ್ಟಿದ ವರ್ಷ

ನಾನು ತಂಬೂರಿ ಪದ ಹೇಳುವವನು. ನಮ್ಮಪ್ಪನೂ ಹೇಳುತ್ತಿದ್ದ. ಹುಣಸೂರು ತಾಲ್ಲೂಕಿನಲ್ಲಿ, ಗುರುಪುರದ ಮಗ್ಗುಲಿನ ಹಳ್ಳಿ ನಮ್ಮದು. ಕಪ್ಪಡಿಯಲ್ಲಿ ನನಗೆ ಮಂಟೇಸ್ವಾಮಿ ಪಂಥದ ನೀಲಗಾರ ದೀಕ್ಷೆಯಾದಾಗ ಮೀಸೆ ಇನ್ನೂ ಮೂಡಿರಲಿಲ್ಲ. ಮಂಟೇಸ್ವಾಮಿ ಕಥೆಯಲ್ಲಿ ರಾಚಪ್ಪಾಜಿ ಸಾಲು, ಸಿದ್ದಪ್ಪಾಜಿ ಸಾಲು ನನಗೆ ಪೂರ್ತಿ ಬರುತ್ತವೆ. ರಾತ್ರಿ ಊಟವಾದ ಮೇಲೆ ಶುರು ಮಾಡಿದರೆ ಮುಗಿಯುವಾಗ ಬೆಳಗಾಗಿರುತ್ತದೆ.

ಕಥೆಯ ನಡುವೆ ಜನ ತೂಕಡಿಸಿದಾಗ ಹೇಳಲು ನಾನೇ ಕಟ್ಟಿದ ಪದಗಳೂ ಇವೆ. 1990ರ ದಶಕದಲ್ಲಿ ಸಾಕ್ಷರತಾ ಆಂದೋಲನದ ಕಲಾಜಾಥಾ ನಡೆದಾಗ ಮೊದಲ ಪದ ಕಟ್ಟಿದೆ. ಆಮೇಲೆ ಹೊಗೆಸೊಪ್ಪಿನ ಹರಾಜಿನ ಮೇಲೆ ಕಟ್ಟಿದೆ. ಕಬಿನಿ ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟ ಎಚ್.ಡಿ. ಕೋಟೆ ಕಡೆಯವರ ಮೇಲೆ, ನಾಗರಹೊಳೆ ಕಾಡು ಬಿಟ್ಟು ನಾಗಾಪುರಕ್ಕೆ ಬಂದ ಜೇನುಕುರುಬರ ಮೇಲೆ ಕಟ್ಟಿದೆ. ಬರೆದು ಕಟ್ಟುವ ಅಭ್ಯಾಸ ನನಗಿಲ್ಲ. ಹೊಲದ ಬದುವಿನಲ್ಲಿ ನಡೆಯುತ್ತಾ ಬಾಯಲ್ಲೇ ಕಟ್ಟುತ್ತೇನೆ. ನಿಂತದ್ದು ಉಳಿಯುತ್ತದೆ, ನಿಲ್ಲದ್ದು ಹೋಗುತ್ತದೆ.

ಪದದಿಂದ ಹೊಟ್ಟೆ ತುಂಬಲಿಲ್ಲ. ಹೊಟ್ಟೆ ತುಂಬಿಸಿದ್ದು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣದ ಕಡೆ ಬಹಳ ಮನೆಗಳದ್ದು ಇದೇ ಲೆಕ್ಕ.

2018ರ ಶಿವರಾತ್ರಿಗೆ ಕಪ್ಪಡಿಗೆ ಹೋಗಿದ್ದೆವು. ಕೆ.ಆರ್. ನಗರ ತಾಲ್ಲೂಕಿನಲ್ಲಿ, ಕಾವೇರಿ ದಂಡೆಯಲ್ಲಿ, ರಾಚಪ್ಪಾಜಿ ಮತ್ತು ಚೆನ್ನಾಜಮ್ಮನವರ ಗದ್ದುಗೆ ಇದೆ. ಜಾತ್ರೆ ಶಿವರಾತ್ರಿಗೆ ಶುರುವಾಗಿ ಯುಗಾದಿಯವರೆಗೆ ನಡೆಯುತ್ತದೆ. ಆ ರಾತ್ರಿ ಮೇಲಿನ ಸ್ವರಕ್ಕೆ ಹೋದಾಗ ಗಂಟಲಿನಿಂದ ಗಾಳಿ ಬಂತು, ದನಿ ಬರಲಿಲ್ಲ. ಹಿಮ್ಮೇಳದವರು ಎತ್ತಿಕೊಂಡರು. ಹೊಳೆ ಗಾಳಿ, ಧೂಳು, ನಿದ್ದೆಗೇಡು ಎಂದುಕೊಂಡೆ. ಗಂಟಲು ಕಟ್ಟುವುದು ನಮಗೆ ಹೊಸದಲ್ಲ.

ಯುಗಾದಿ ಕಳೆಯಿತು. ಗಂಟಲು ಬಿಡಲಿಲ್ಲ. ಹಿಪ್ಪಲಿ, ಜೇನುತುಪ್ಪ, ಶುಂಠಿ ಕಷಾಯ ಆಯಿತು. ನಾವು ಯಾವಾಗಲೂ ತೋರಿಸುತ್ತಿದ್ದ ಡಾಕ್ಟರು ಸಿರಪ್ಪು ಕೊಟ್ಟರು, ಮಾತ್ರೆ ಬದಲಿಸಿದರು. ನೋವೇನೂ ಇರಲಿಲ್ಲ. ನೋವಿದ್ದಿದ್ದರೆ ಬೇಗ ಹೋಗುತ್ತಿದ್ದೆ. ಸೊಪ್ಪಿನ ಸಸಿ ನಾಟಿ ಮಾಡುವ ಹೊತ್ತಿಗೆ, ಹೊಲದ ಆ ಬದುವಿನಲ್ಲಿದ್ದ ಹೆಂಡತಿಯನ್ನು ಕೂಗಿದರೆ ಅವಳಿಗೆ ಕೇಳುತ್ತಿರಲಿಲ್ಲ. ಅವಳೇ ಹಟ ಹಿಡಿದು ಮೈಸೂರಿಗೆ ಹೊರಡಿಸಿದಳು.

ಅಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರು ಮೂಗಿನಿಂದ ತೆಳ್ಳನೆಯ ಕೊಳವೆ ಬಿಟ್ಟು ಟಿ.ವಿ.ಯಲ್ಲಿ ತೋರಿಸಿದರು. ಧ್ವನಿತಂತು ಎರಡಿರುತ್ತವೆ, ಬೆಳ್ಳಗಿರಬೇಕು. ನನ್ನ ಎಡಗಡೆಯದರ ಮೇಲೆ ಒರಟಾಗಿ ಏನೋ ಬೆಳೆದಿತ್ತು. ಇಷ್ಟು ವರ್ಷ ದುಡಿಸಿಕೊಂಡಿದ್ದನ್ನು ಅವತ್ತೇ ಮೊದಲು ನೋಡಿದ್ದು. ತುಂಬಾ ಚಿಕ್ಕದು.

“ಬೀಡಿ ಸೇದ್ತೀರಾ?” ಎಂದರು. ಇಡೀ ರಾತ್ರಿಯ ಕಥೆಗೆ ಬೀಡಿ ಸೇದದ ಮೇಳ ನಾನು ಕಂಡಿಲ್ಲ. ನಾನೂ ಬಹಳ ಕಾಲ ಸೇದಿದ್ದೆ, ಬಿಟ್ಟು ಕೆಲವು ವರ್ಷವಾಗಿತ್ತು. ಹಾಗೇ ಹೇಳಿದೆ. ಕಸುಬು ಕೇಳಿದರು. “ಹೊಗೆಸೊಪ್ಪು ಬೆಳೀತೀವಿ, ಪದ ಹೇಳ್ತೀವಿ” ಎಂದೆ. ಅವರು ಬರೆದುಕೊಂಡರು.

ಮತ್ತುಕೊಟ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಬಂದಾಗ ಕ್ಯಾನ್ಸರ್ ಎಂದಿತ್ತು. ಆರಂಭದ ಹಂತ, ಕರೆಂಟು ಕೊಟ್ಟರೆ ವಾಸಿಯಾಗುವ ಸಾಧ್ಯತೆ ಹೆಚ್ಚು ಎಂದು ಡಾಕ್ಟರು ಹೇಳಿದರು. ಕರೆಂಟು ಎಂದರೆ ವಿಕಿರಣ ಚಿಕಿತ್ಸೆ. ಹಾಡಬಹುದಾ ಎಂದು ಕೇಳಿದೆ. “ಮೊದಲು ಜೀವ. ದನಿ ಎಷ್ಟು ಉಳಿಯುತ್ತೆ ಅಂತ ಈಗ ಹೇಳೋಕಾಗಲ್ಲ” ಎಂದರು. ಸುಳ್ಳು ಧೈರ್ಯ ಹೇಳಲಿಲ್ಲ. ಅದಕ್ಕೆ ಅವರ ಮೇಲೆ ನಂಬಿಕೆ ಬಂತು.

ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷ ಜಾರಿಗೆ ಬಂದಿತ್ತು. ನಮ್ಮದು ಬಿ.ಪಿ.ಎಲ್. ಕಾರ್ಡು. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ತರಬೇಕಿತ್ತು. ಪತ್ರಕ್ಕಾಗಿ ತಮ್ಮ ಓಡಾಡಿದ. ಚಿಕಿತ್ಸೆಯ ದುಡ್ಡು ಅದರಲ್ಲೇ ಕಳೆಯಿತು. ಇಲ್ಲದಿದ್ದರೆ ಹೊಲ ಮಾರಬೇಕಾಗುತ್ತಿತ್ತು.

ಚಿಕಿತ್ಸೆಗೆ ಮೊದಲು ಅಚ್ಚು ತೆಗೆದರು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖ, ಕುತ್ತಿಗೆಯ ಮೇಲೆ ಎಳೆದರು. ಅದು ಹಾಗೇ ಗಟ್ಟಿಯಾಯಿತು. ಆಮೇಲೆ ಪ್ರತಿಸಲ ಅದನ್ನು ಹಾಕಿ ಮೇಜಿಗೆ ಬಿಗಿಯುತ್ತಿದ್ದರು. ತಲೆ ಅಲ್ಲಾಡುವಂತಿಲ್ಲ. ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕುತ್ತಿದ್ದರು. ನೋವಿಲ್ಲ, ಬಿಸಿಯೂ ತಿಳಿಯುವುದಿಲ್ಲ. ಆದರೆ ಎಂಜಲು ನುಂಗಲೂ ಹೆದರಿಕೆಯಾಗುತ್ತಿತ್ತು. ಮೊದಲ ದಿನ ಕಾಲು ನಡುಗಿತು. ಮಿಷನ್ ನೋಡಿಕೊಳ್ಳುವ ಹುಡುಗಿ ಮೈಕಿನಲ್ಲಿ “ಆಗೋಯ್ತು ಯಜಮಾನ್ರೇ, ಇನ್ನೊಂದೇ ನಿಮಿಷ” ಎನ್ನುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಆಕೆಯ ಹೆಸರು ಕೇಳಲು ನನಗೆ ದನಿ ಇರಲಿಲ್ಲ.

ವಾರಕ್ಕೆ ಐದು ದಿನ, ಆರು ವಾರದ ಮೇಲಾಯಿತು. ಮೈಸೂರಿನ ಅಶೋಕಪುರಂನಲ್ಲಿ ಅಕ್ಕನ ಮನೆಯಲ್ಲಿದ್ದೆ. ಊರಲ್ಲಿ ಸೊಪ್ಪು ಬೇಯಿಸುವ ಕಾಲ. ಬ್ಯಾರನ್ ಮನೆಯ ಒಲೆಗೆ ಹಗಲೂ ರಾತ್ರಿ ಸೌದೆ ಹಾಕುತ್ತಿರಬೇಕು, ಶಾಖ ನೋಡುತ್ತಿರಬೇಕು. ಹೆಂಡತಿ, ತಮ್ಮ ಸರದಿಯ ಮೇಲೆ ಎದ್ದಿದ್ದರು. ಭಾನುವಾರ ಅವಳು ಬಂದಾಗ ಕಣ್ಣು ಕೆಂಪಗಿರುತ್ತಿತ್ತು. ಹೊಗೆಯಿಂದ ಎನ್ನುತ್ತಿದ್ದಳು.

ಮೂರನೆಯ ವಾರದಿಂದ ರುಚಿ ಹೋಯಿತು. ಬಾಯಿ ಒಣಗಿತು. ಕುತ್ತಿಗೆಯ ಚರ್ಮ ಕಪ್ಪಗಾಗಿ ಸುಲಿಯಿತು. ಮುದ್ದೆ ಇಳಿಯುತ್ತಿರಲಿಲ್ಲ. ಅಕ್ಕ ಅಂಬಲಿ ತಣ್ಣಗೆ ಮಾಡಿ ಚಮಚದಲ್ಲಿ ಕೊಡುತ್ತಿದ್ದಳು. ಒಂದು ಚಮಚ ನುಂಗಿ, ನೋವು ಇಳಿಯುವವರೆಗೆ ಕಾದು, ಮತ್ತೊಂದು. ರಾತ್ರಿ ಸತ್ತುಹೋಗುತ್ತೇನೆ ಎನಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಸಾಯದೆ ಹೀಗೇ ಉಳಿದರೆ ಎಂದು ಹೆದರಿಕೆ.

ಮಾತು ಕಡಿಮೆ ಮಾಡಲು ಹೇಳಿದ್ದರು. ಪಿಸುಗುಟ್ಟಲೂ ಬಾರದು, ಅದೂ ಧ್ವನಿತಂತಿಗೆ ಕೆಟ್ಟದ್ದು ಎಂದರು. ಅಕ್ಕನ ಮೊಮ್ಮಗಳು ಹಳೆಯ ನೋಟ್‌ಬುಕ್ ಕೊಟ್ಟಳು. ಮಾತಾಡಬೇಕಾದ್ದನ್ನು ಅದರಲ್ಲಿ ಬರೆಯುತ್ತಿದ್ದೆ. ಸುಮ್ಮನಿದ್ದೀಯಲ್ಲ, ಹೊಸ ಪದ ಕಟ್ಟು ಎಂದು ಮೇಳದವರು ಫೋನಿನಲ್ಲಿ ಹೇಳುತ್ತಿದ್ದರು. ಪ್ರಯತ್ನಪಟ್ಟೆ. ಬರಲಿಲ್ಲ. ಬಾಯಿಲ್ಲದೆ ನನಗೆ ಪದ ಬರುವುದಿಲ್ಲ ಎಂದು ಆಗ ತಿಳಿಯಿತು. ಆ ನೋಟ್‌ಬುಕ್ಕಿನಲ್ಲಿ ಇರುವುದೆಲ್ಲ ನೀರು, ಮಾತ್ರೆ, ಫ್ಯಾನು, ಇಂಥವೇ.

ಚಿಕಿತ್ಸೆ ಮುಗಿದ ಮೇಲೂ ಹುಣ್ಣು ಮಾಯಲು ವಾರಗಳು ಬೇಕಾದವು. ಆಮೇಲೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಅಲ್ಲಿ ಉಸಿರು ಬಿಡುವುದರಿಂದ ಶುರು ಮಾಡಿಸಿದರು. ನೀರಿನ ಲೋಟಕ್ಕೆ ಕೊಳವೆ ಹಾಕಿ ಊದಿಸಿದರು. ಸಣ್ಣದಾಗಿ ಗುನುಗಿಸಿದರು. ನನ್ನ ಪಕ್ಕ ತೊದಲುವ ಮಕ್ಕಳು ಕೂತಿರುತ್ತಿದ್ದರು. ಗುರುಪುರದ ಟಿಬೆಟ್ ಕ್ಯಾಂಪಿನ ಗ್ಯುಮೆ ಮಠದ ಲಾಮಾಗಳು ಮಂತ್ರ ಹೇಳುವುದನ್ನು ನಾನು ಕೇಳಿದ್ದೆ, ಅಷ್ಟು ತಗ್ಗಿನ ದನಿ ಮನುಷ್ಯರಲ್ಲಿ ಬೇರೆಲ್ಲೂ ಕೇಳಿಲ್ಲ. ಮೇಲಿನ ಸ್ವರ ಹೋಯಿತು, ಹಾಗೆ ಕೆಳಗೆ ಇಳಿಯಲೇ ಎಂದು ಸಂಸ್ಥೆಯವರನ್ನು ಕೇಳಿದೆ. ಒತ್ತಾಯ ಮಾಡಿದರೆ ಇರುವುದೂ ಹೋಗುತ್ತದೆ ಎಂದರು.

ನಮ್ಮ ಹೊಲದ ಆಚೆ ಟಿಬೆಟ್ ಕ್ಯಾಂಪಿನವರು ಜೋಳ ಹಾಕುತ್ತಾರೆ. ಅವರ ಹುಡುಗನೊಬ್ಬ ಗಿಟಾರು ನುಡಿಸುತ್ತಾನೆ, ನಮ್ಮಂತೆಯೇ ಕನ್ನಡ ಮಾತಾಡುತ್ತಾನೆ. ಅವನು ಫೋನಿನಲ್ಲಿ ಜಾನ್ ಪ್ರೈನ್ ಎಂಬ ಅಮೆರಿಕದವನ ಹಾಡು ಕೇಳಿಸಿದ. ಷಿಕಾಗೋ ಕಡೆಯವನು, ಮೊದಲು ಅಂಚೆ ಹಂಚುತ್ತಿದ್ದವನು. ತಾನೇ ಕಟ್ಟಿ ತಾನೇ ಹಾಡುವವನು. ಅಲ್ಲಿ ಆ ಬಗೆಯ ಹಾಡಿಗೆ ಅಮೆರಿಕಾನಾ ಎನ್ನುತ್ತಾರಂತೆ. 1998ರಲ್ಲಿ ಅವನಿಗೆ ಕುತ್ತಿಗೆಯ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿದ್ದರು. ಹುಡುಗ ಮೊದಲಿನ ಹಾಡೊಂದು, ಆಮೇಲಿನದೊಂದು ಹಾಕಿದ. ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. ಎರಡನೆಯದು ತಗ್ಗಿಗೆ ಇಳಿದು ಒರಟಾಗಿತ್ತು. ಆದರೂ ಆತ ಹಾಡುತ್ತಿದ್ದ. ಅವತ್ತು ಮನೆಗೆ ಬಂದು ತಂಬೂರಿಯ ತಂತಿ ಸಡಿಲಿಸಿ ಶ್ರುತಿ ಇಳಿಸಿದೆ.

2019ರಲ್ಲಿ ಪಿರಿಯಾಪಟ್ಟಣದ ಕಡೆ ಒಂದು ಹರಕೆ ಮನೆಗೆ ಒಪ್ಪಿಕೊಂಡೆವು. ಸ್ವಲ್ಪ ಹೊತ್ತು ನಾನು, ಉಳಿದದ್ದು ತಮ್ಮನ ಮಗ ಎಂದು ಮಾತಾಗಿತ್ತು. ಎರಡನೆಯ ಚರಣದಲ್ಲೇ ದನಿ ಒಡೆಯಿತು. ನಿಲ್ಲಿಸಿದೆ. ಮುಂದೆ ಕೂತಿದ್ದ ಅಜ್ಜಿಯೊಬ್ಬಳು, “ಕತೆ ಕೇಳುಸ್ತದೆ ಕಣಪ್ಪ, ಯೋಳು” ಎಂದಳು. ಹೇಳಿದೆ.

ಈಗ ಮುಮ್ಮೇಳ ತಮ್ಮನ ಮಗನದು. ನಾನು ವಚನದಂತೆ ಹೇಳುವ ಭಾಗ ಹೇಳುತ್ತೇನೆ, ಗಗ್ಗರ ಹಿಡಿಯುತ್ತೇನೆ. ನಗರದ ಕಾರ್ಯಕ್ರಮವೊಂದರಲ್ಲಿ, ನಿಮ್ಮ ದನಿಯಲ್ಲಿ ಅಪ್ಪಟ ಜಾನಪದವಿದೆ ಎಂದು ಒಬ್ಬರು ಹೊಗಳಿದರು. ಮೊದಲು ನನ್ನ ದನಿ ನಯವಾಗಿತ್ತು. ಅದೂ ಜಾನಪದವೇ.

2020ರ ಯುಗಾದಿಯ ದಿನ ದೇಶವೆಲ್ಲ ಬಂದ್ ಆಯಿತು. ಏಪ್ರಿಲ್‌ನಲ್ಲಿ ಟಿಬೆಟ್ ಕ್ಯಾಂಪಿನ ಹುಡುಗ ಫೋನ್ ಮಾಡಿ, ಜಾನ್ ಪ್ರೈನ್ ಕೊರೊನಾದಿಂದ ತೀರಿಕೊಂಡ ಎಂದ. ಎಪ್ಪತ್ತಮೂರು ವರ್ಷ. ಕ್ಯಾನ್ಸರ್ ಬಂದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಾಡಿದ್ದ.

ನನ್ನ ತಪಾಸಣೆ ನಡೆಯುತ್ತಲೇ ಇದೆ. ಕಾಯಿಲೆ ಮರಳಿಲ್ಲ. ಬಾಯಿ ಒಣಗುವುದು ನಿಂತಿಲ್ಲ, ನೀರಿನ ಬಾಟಲಿ ಜೊತೆಗಿರುತ್ತದೆ. ಮೇಲಿನ ಸ್ವರ ಬರುವುದಿಲ್ಲ. ಹೊಸ ಪದ ಎರಡು ಕಟ್ಟಿದ್ದೇನೆ, ಎರಡೂ ಗಿಡ್ಡ.

ಕಪ್ಪಡಿ, ಚಿಕ್ಕಲ್ಲೂರು ಜಾತ್ರೆಗೆ ಹೋಗುವ ನೀಲಗಾರರಿಗೆ, ಕಂಸಾಳೆಯವರಿಗೆ, ನಾಟಕದವರಿಗೆ ಒಂದು ಮಾತು ಹೇಳುತ್ತೇನೆ. ಗಂಟಲು ಕಟ್ಟಿ ಮೂರು ವಾರವಾದರೂ ಬಿಡದಿದ್ದರೆ ಕಷಾಯ ಕುಡಿಯುತ್ತಾ ಕೂರಬೇಡಿ. ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಿ ಕೊಳವೆ ಬಿಡಿಸಿ ನೋಡಿಸಿ. ನೋವಿಲ್ಲ ಎಂದು ಬಿಡಬೇಡಿ.