ಕಳ್ಳಿಗಿಡದ ಆಹಾರ

ಸಸ್ಯವು ಏಕೇಂದ್ರಿಯ ಜೀವ. ಅದನ್ನು ಕುಂಡದ ಹಿಡಿಮಣ್ಣಿಗೆ ಸೀಮಿತಗೊಳಿಸಿದ ಮೇಲೆ ಪೋಷಣೆಯ ಹೊಣೆ ಗೃಹಸ್ಥನದೇ. ಮನೆಯೊಳಗೆ ಬೆಳೆಸುವ ಕಳ್ಳಿಗಿಡಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಪೋಷಣೆಯೆಂದರೆ ಅತಿಯಾಗಿ ಉಣಿಸುವುದಲ್ಲ. ಸಾರಜನಕ ಮಿತಿಮೀರಿದರೆ ಕಳ್ಳಿಯ ಕಾಂಡ ಮೆದುವಾಗಿ ಉಬ್ಬುತ್ತದೆ, ಸೀಳುತ್ತದೆ, ಕೊಳೆಯುತ್ತದೆ. ಗೊಬ್ಬರದ ಪೊಟ್ಟಣದ ಮೇಲಿನ ಮೂರು ಅಂಕಿಗಳಲ್ಲಿ ಮೊದಲನೆಯದು ಸಾರಜನಕದ್ದು. ಅದು ಉಳಿದೆರಡಕ್ಕಿಂತ ಹೆಚ್ಚಿರಬಾರದು. ಬೆಳವಣಿಗೆಯ ಬೆಚ್ಚನೆಯ ತಿಂಗಳುಗಳಲ್ಲಿ, ಸೂಚಿತ ಪ್ರಮಾಣದ ಅರ್ಧದಷ್ಟನ್ನು ನೀರಿನಲ್ಲಿ ಕರಗಿಸಿ ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಚಳಿಗಾಲದಲ್ಲಿ ಗಿಡ ವಿಶ್ರಮಿಸುವಾಗ ಕೊಡಬಾರದು.

ಶ್ರಾವಕರು ವಿಚಾರಿಸಬೇಕಾದ ಸಂಗತಿ ಇನ್ನೊಂದಿದೆ. ರಂಜಕಕ್ಕಾಗಿ ಗಿಡಗಳಿಗೆ ಮೂಳೆಪುಡಿ ಹಾಕುವ ರೂಢಿಯುಂಟು. ಗಿಡ ಮಾರುವವರೊಬ್ಬರು ನನಗೂ ಅದನ್ನೇ ಸೂಚಿಸಿ, “ಪ್ರಾಣಿಯನ್ನು ನೀವೇನೂ ಕೊಂದಿಲ್ಲವಲ್ಲ, ಸ್ವಾಮಿ” ಎಂದರು. ವ್ಯಾಪಾರಿಯಾದ ನಾನು ಬಲ್ಲೆ: ಕೊಳ್ಳುವವನಿಲ್ಲದ ಸರಕಿಗೆ ಬೆಲೆಯಿಲ್ಲ. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಈ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮ ನಮ್ಮದು. ಅಲ್ಲದೆ ಬೇರೆ ದಾರಿಯಿಲ್ಲವೆಂದೂ ಅಲ್ಲ. ಖನಿಜ ಶಿಲೆಯಿಂದ ತಯಾರಾದ ಸೂಪರ್ ಫಾಸ್ಫೇಟಿನಲ್ಲಿಯೂ ರಂಜಕವಿದೆ. ಕೊಳ್ಳುವ ಮುನ್ನ ಗೊಬ್ಬರದ ಮೂಲವನ್ನು ಕೇಳಿ ತಿಳಿಯೋಣ. ಅಡುಗೆಮನೆಯಲ್ಲಿ ಪಾಲಿಸುವ ವಿವೇಕವನ್ನು ಗಿಡದ ಬುಡದಲ್ಲಿ ಮರೆಯುವುದು ಸಲ್ಲದು.